ಹಲ್ಲು ಹೋದ ಮೇಲೆ ಮೂಳೆಯ ಕಥೆ: ಇಂಪ್ಲಾಂಟ್ ಅಂದರೆ ಏನು?

ಶಿವಮೊಗ್ಗದ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ಅಮ್ಮನ ಕೆಳದವಡೆ ಕಂಪ್ಯೂಟರ್ ಪರದೆ ಮೇಲೆ ಬೂದು ಬಣ್ಣದಲ್ಲಿ ಕಾಣುತ್ತಿತ್ತು. ಡಾಕ್ಟರು ಪೆನ್ನಿನ ತುದಿಯಿಂದ ಎಡಗಡೆಯ ಒಂದು ಜಾಗ ತೋರಿಸಿದರು. ಅಕ್ಕಪಕ್ಕದಲ್ಲಿ ಎತ್ತರವಾಗಿದ್ದ ಮೂಳೆ ಅಲ್ಲಿಗೆ ಬಂದಾಗ ಕುಸಿದು ತೆಳ್ಳಗಾಗಿತ್ತು. ಮಳೆಗಾಲ ಮುಗಿದ ಮೇಲೆ ಮನೆ ಹಿಂದಿನ ಧರೆ ಜಾರಿದ ಗುರುತು ಉಳಿಯುತ್ತದಲ್ಲ, ಹಾಗೆ.

"ಈ ಹಲ್ಲು ಕೀಳಿಸಿ ಎಷ್ಟು ವರ್ಷ ಆಯ್ತಮ್ಮ?" ಅಂತ ಕೇಳಿದರು.

"ಆರು ವರ್ಷ ಆಗಿರ್ಬೇಕು" ಅಂದಳು ಅಮ್ಮ.

"ಆಗ್ಲೇ ಬಂದಿದ್ರೆ ಈ ಕೆಲಸ ಎಷ್ಟೋ ಸುಲಭ ಇತ್ತು."

ಆರು ವರ್ಷದ ಹಿಂದೆ ನಮ್ಮೂರ ಹತ್ತಿರದ ಪೇಟೆಯಲ್ಲಿ ಆ ದವಡೆ ಹಲ್ಲು ಕಿತ್ತವರು ಹತ್ತಿ ಕಚ್ಚಿಸಿ, ಮೂರು ದಿನದ ಮಾತ್ರೆ ಬರೆದು ಕಳಿಸಿದ್ದರು. ಮುಂದೇನು ಮಾಡಬೇಕು ಅಂತ ಅಮ್ಮ ಕೇಳಿದ್ದಕ್ಕೆ "ಹಿಂದಿನ ಹಲ್ಲು ಅಲ್ವಾ, ಯಾರಿಗೂ ಕಾಣಲ್ಲ ಬಿಡಿ" ಅಂದಿದ್ದರಂತೆ. ಆ ಮಾತು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ. ಹಲ್ಲು ಇರುವುದು ಕಾಣಿಸಲಿಕ್ಕೆ ಮಾತ್ರವಾ?

ಇಂಪ್ಲಾಂಟ್ ಅಂದರೆ ಹೋದ ಹಲ್ಲಿನ ಬೇರಿನ ಬದಲು ದವಡೆ ಮೂಳೆಯೊಳಗೆ ಒಂದು ಸ್ಕ್ರೂ ಕೂರಿಸಿ, ಅದರ ಮೇಲೆ ಹಲ್ಲು ನಿಲ್ಲಿಸುವುದು. ಅದರ ಬಗ್ಗೆ ವಿಚಾರಿಸುವವರು ಸಾಮಾನ್ಯವಾಗಿ ಸ್ಕ್ರೂ ಬಗ್ಗೆಯೇ ಕೇಳುತ್ತಾರೆ. ಯಾವ ಕಂಪನಿ, ಎಷ್ಟು ರೇಟು, ನೋವಾಗುತ್ತಾ ಅಂತ. ಅಮ್ಮನ ಜೊತೆ, ಆಮೇಲೆ ನನ್ನದೇ ಒಂದು ಹಲ್ಲಿಗಾಗಿ ಒಂದೂವರೆ ವರ್ಷ ಓಡಾಡಿದ ಮೇಲೆ ನನಗೆ ಅರ್ಥವಾಗಿದ್ದು, ಇದು ಮೂಳೆಯ ಕೆಲಸ ಅಂತ. ಸ್ಕ್ರೂ ಕೂರಿಸಲು ಅರ್ಧ ಮುಕ್ಕಾಲು ಗಂಟೆ ಸಾಕು. ಅದನ್ನು ಹಿಡಿದುಕೊಳ್ಳಲು ಮೂಳೆ ಇರಬೇಕು, ಆ ಮೂಳೆಗೆ ಸಮಯ ಕೊಡಬೇಕು. ಇಷ್ಟು ವಿಷಯ ಹಲ್ಲು ಕೀಳಿಸುವ ದಿನವೇ ಗೊತ್ತಿದ್ದರೆ ಎಷ್ಟೋ ಮನೆಗಳಲ್ಲಿ ದುಡ್ಡೂ ಉಳಿಯುತ್ತದೆ, ಓಡಾಟವೂ ಉಳಿಯುತ್ತದೆ.

ಹಲ್ಲು ಕಿತ್ತ ಜಾಗದಲ್ಲಿ ಏನಾಗುತ್ತದೆ

ಹಲ್ಲಿನ ಬೇರು ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಎರಡರ ನಡುವೆ ಕಾಲು ಮಿಲಿಮೀಟರಿಗಿಂತ ತೆಳ್ಳಗಿನ ಒಂದು ನಾರಿನ ಪದರ ಇರುತ್ತದೆ. ನಾವು ಅಗಿಯುವಾಗ ಹಲ್ಲು ಆ ನಾರಿನ ಮೇಲೆ ಕಣ್ಣಿಗೆ ಕಾಣದಷ್ಟು ಅಲ್ಲಾಡುತ್ತದೆ. ಅನ್ನದಲ್ಲಿ ಸಣ್ಣ ಹರಳು ಸಿಕ್ಕಿದರೂ ತಟ್ಟನೆ ಗೊತ್ತಾಗುವುದು ಈ ಪದರದಿಂದಲೇ. ಪ್ರತಿ ತುತ್ತಿನ ಒತ್ತಡವೂ ಅದರ ಮೂಲಕ ಮೂಳೆಗೆ ಹೋಗುತ್ತದೆ. ಆ ಒತ್ತಡವೇ ಅಲ್ಲಿನ ಮೂಳೆಗೆ ಕೆಲಸ. ಕೆಲಸ ಇದ್ದಷ್ಟು ದಿನ ಮೂಳೆ ಗಟ್ಟಿಯಾಗಿ ಇರುತ್ತದೆ.

ಹಲ್ಲು ಹೋದರೆ ಕೆಲಸವೂ ಹೋಯಿತು. ದೇಹ ಆ ಮೂಳೆಯನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಧರೆ ಅಂಚಿನ ದೊಡ್ಡ ಮರ ಕಡಿದು, ಬೇರನ್ನೂ ಕಿತ್ತರೆ ಮಣ್ಣು ನಿಲ್ಲುತ್ತದಾ? ಒಂದೆರಡು ಮಳೆಗೆ ಜಾರುತ್ತದೆ. ದವಡೆಯಲ್ಲೂ ಅದೇ. ಮೊದಲ 12 ತಿಂಗಳಲ್ಲಿ ಆ ಜಾಗದ ಮೂಳೆಯ ಅಗಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು. ಆ ನಷ್ಟದ ಮೂರರಲ್ಲಿ ಎರಡು ಪಾಲು ಆಗುವುದು ಮೊದಲ 3 ತಿಂಗಳಲ್ಲೇ. ಅಂದರೆ ಗಾಯ ಮಾಯ್ದು, ನೋವು ಹೋಗಿ, ನಾವು ಮರೆತು ಆರಾಮಾಗಿ ಇರುವ ಹೊತ್ತಿಗೆ ಧರೆ ಜಾರಿ ಆಗಿರುತ್ತದೆ.

ಅಷ್ಟಕ್ಕೇ ನಿಲ್ಲುವುದಿಲ್ಲ. ಖಾಲಿ ಜಾಗದ ಕಡೆಗೆ ಪಕ್ಕದ ಹಲ್ಲು ವಾಲುತ್ತದೆ. ಎದುರು ದವಡೆಯ ಹಲ್ಲಿಗೆ ಕಚ್ಚಲು ಜೋಡಿ ಇಲ್ಲದ್ದರಿಂದ ಅದು ತನ್ನ ಗೂಡಿನಿಂದ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತದೆ. ಅಮ್ಮನಿಗೆ ಮೇಲಿನ ದವಡೆ ಹಲ್ಲು ಆರು ವರ್ಷದಲ್ಲಿ ಕಣ್ಣಿಗೆ ಕಾಣುವಷ್ಟು ಕೆಳಗೆ ಇಳಿದಿತ್ತು. ಎಡಗಡೆ ಅಗಿಯಲಾಗದೆ ಎಲ್ಲವನ್ನೂ ಬಲಗಡೆಯೇ ಅಗಿದು, ಆ ಕಡೆಯ ಹಲ್ಲುಗಳೂ ಸವೆದಿದ್ದವು. ಅಕ್ಕಿ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನಲು ಶುರು ಮಾಡಿದ್ದಳು. ವಯಸ್ಸಾಯಿತು, ಮೆತ್ತಗಿದ್ದರೆ ಇಷ್ಟ ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಬುದ್ಧಿಹಲ್ಲು ಕೀಳಿಸಿದ್ದರೆ ಮಾತ್ರ ಈ ಯಾವ ಚಿಂತೆಯೂ ಬೇಡ. ಅದರ ಜಾಗದಲ್ಲಿ ಇನ್ನೊಂದು ಬೇಕಾಗುವುದಿಲ್ಲ.

ಮೂರು ದಾರಿ

ಹೋದ ಹಲ್ಲಿನ ಜಾಗ ತುಂಬಲು ಇಂಪ್ಲಾಂಟ್ ಒಂದೇ ದಾರಿಯಲ್ಲ. ನಮ್ಮ ಹಿರಿಯರು 'ಹಲ್ಲು ಕಟ್ಟಿಸುವುದು' ಅನ್ನುತ್ತಿದ್ದುದು ಹೆಚ್ಚಾಗಿ ತೆಗೆದು ಹಾಕುವ ಸೆಟ್ಟಿಗೆ. ಅದು ಒಸಡಿನ ಮೇಲೆ ಕೂರುತ್ತದೆ. ಖರ್ಚು ಕಡಿಮೆ, ಆಪರೇಷನ್ ಇಲ್ಲ. ಆದರೆ ಒಸಡಿನ ಕೆಳಗಿನ ಮೂಳೆ ಕರಗುವುದನ್ನು ಅದು ತಡೆಯುವುದಿಲ್ಲ. ಅದಕ್ಕೇ ಕೆಲವು ವರ್ಷದಲ್ಲಿ ಸೆಟ್ಟು ಸಡಿಲವಾಗುತ್ತದೆ.

ಎರಡನೆಯದು ಬ್ರಿಡ್ಜ್. ಖಾಲಿ ಜಾಗದ ಅಕ್ಕಪಕ್ಕದ ಎರಡು ಹಲ್ಲುಗಳನ್ನು ಸುತ್ತಲೂ ಉಜ್ಜಿ ಸಣ್ಣ ಮಾಡಿ, ಮೂರು ಹಲ್ಲಿನ ಒಂದೇ ತುಂಡನ್ನು ಟೊಪ್ಪಿಯ ಹಾಗೆ ಕೂರಿಸುತ್ತಾರೆ. ಎರಡು ಮೂರು ವಾರದಲ್ಲಿ ಕೆಲಸ ಮುಗಿಯುತ್ತದೆ. ಅಕ್ಕಪಕ್ಕದ ಹಲ್ಲುಗಳಿಗೆ ಆಗಲೇ ರೂಟ್ ಕೆನಾಲ್ ಆಗಿ ಕ್ಯಾಪ್ ಬೇಕಾಗಿದ್ದರೆ ಬ್ರಿಡ್ಜ್ ಒಳ್ಳೆಯ ಆಯ್ಕೆ ಅಂತಲೇ ನನ್ನ ಅಭಿಪ್ರಾಯ. ಆ ಎರಡೂ ಹಲ್ಲು ಗಟ್ಟಿಮುಟ್ಟಾಗಿದ್ದರೆ ಒಂದು ಹಲ್ಲಿಗಾಗಿ ಎರಡು ಒಳ್ಳೆ ಹಲ್ಲು ಉಜ್ಜಿಸಲು ಮನಸ್ಸು ಬರುವುದಿಲ್ಲ. ಉಜ್ಜಿದ್ದು ಮತ್ತೆ ಬೆಳೆಯುವುದಿಲ್ಲವಲ್ಲ.

ಮೂರನೆಯದೇ ಇಂಪ್ಲಾಂಟ್. ಇದರಲ್ಲಿ ಮೂರು ಭಾಗ. ಮೂಳೆಯೊಳಗೆ ಹೋಗುವ ಟೈಟಾನಿಯಂ ಸ್ಕ್ರೂ, ಅದೇ ಬೇರು. ಅದರ ಮೇಲೆ ಒಸಡು ದಾಟಿ ಹೊರಬರುವ ಒಂದು ಕುತ್ತಿಗೆ, ಅದಕ್ಕೆ ಅಬಟ್‌ಮೆಂಟ್ ಅನ್ನುತ್ತಾರೆ. ಅದರ ಮೇಲೆ ಬಾಯಲ್ಲಿ ಕಾಣುವ ಕ್ಯಾಪ್. ಡಾಕ್ಟರು ಮಾದರಿಗೆ ಇಟ್ಟಿದ್ದ ಒಂದು ಸ್ಕ್ರೂವನ್ನು ನನ್ನ ಅಂಗೈಗೆ ಹಾಕಿದರು. ಕಿರುಬೆರಳಿನ ಉಗುರಿನಷ್ಟು ಉದ್ದ, ಸುಮಾರು 10 ಮಿಲಿಮೀಟರು. ದಪ್ಪ 4 ಮಿಲಿಮೀಟರು. ಹೊಳೆಯುತ್ತಿರಬಹುದು ಅಂದುಕೊಂಡಿದ್ದೆ, ಆದರೆ ಹೊಳಪೇ ಇಲ್ಲ. ಬೂದು ಬಣ್ಣ, ಮುಟ್ಟಿದರೆ ಸಣ್ಣಗೆ ತರಿತರಿ. ಬೇಕಂತಲೇ ಹಾಗೆ ಮಾಡುತ್ತಾರಂತೆ. ನುಣುಪಾದ ಮೈಗಿಂತ ತರಿ ಇರುವ ಮೈಯನ್ನು ಮೂಳೆ ಬೇಗ, ಬಿಗಿಯಾಗಿ ಹಿಡಿಯುತ್ತದೆ.

ಮೊಲದ ಕಾಲಿನಲ್ಲಿ ಸಿಕ್ಕಿದ್ದು

ಲೋಹವನ್ನು ಮೂಳೆ ಯಾಕೆ ಒಪ್ಪಿಕೊಳ್ಳುತ್ತದೆ? ಮುಳ್ಳು ಚುಚ್ಚಿದರೆ ಕೀವು ತುಂಬಿ ಹೊರಗೆ ದೂಡುವ ದೇಹ ಇದು. ಇದಕ್ಕೆ ಉತ್ತರ ಸಿಕ್ಕಿದ್ದು ಹಲ್ಲಿನ ಆಸ್ಪತ್ರೆಯಲ್ಲಿ ಅಲ್ಲ. 1952ರಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರಾನೆಮಾರ್ಕ್ ಎಂಬ ವೈದ್ಯ ವಿಜ್ಞಾನಿ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ ಅಂತ ನೋಡುತ್ತಿದ್ದರು. ಅದಕ್ಕಾಗಿ ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂನ ಸಣ್ಣ ನೋಡುಗೊಳವೆ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲು ಹೋದರೆ ಬರಲೇ ಇಲ್ಲ. ಮೂಳೆ ಅದರ ಮೈಗೆ ಹತ್ತಿಕೊಂಡು ಬೆಳೆದಿತ್ತು.

ಟೈಟಾನಿಯಂ ಗಾಳಿಗೆ ತಾಗಿದ ಕೂಡಲೇ ಅದರ ಮೇಲೆ ಅತಿ ತೆಳ್ಳಗಿನ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ದೇಹಕ್ಕೆ ತಾಗುವುದು ಆ ಪೊರೆ. ಅದು ತುಕ್ಕು ಹಿಡಿಯುವುದಿಲ್ಲ, ಕರಗುವುದಿಲ್ಲ, ದೇಹದ ಜೊತೆ ಜಗಳಕ್ಕೆ ಹೋಗುವುದಿಲ್ಲ. ಮೂಳೆಯ ಜೀವಕೋಶಗಳು ಬಂದು ಅದರ ಮೇಲೆಯೇ ಹೊಸ ಮೂಳೆ ಕಟ್ಟುತ್ತವೆ. ಈ ಬೆಸುಗೆಗೆ ಬ್ರಾನೆಮಾರ್ಕ್ ಆಸಿಯೋಇಂಟಿಗ್ರೇಷನ್ ಎಂಬ ಹೆಸರು ಕೊಟ್ಟರು. 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬವರ ಕೆಳದವಡೆಗೆ ಇಂಥ ಸ್ಕ್ರೂ ಹಾಕಿದರು. ಮನುಷ್ಯರಿಗೆ ಹಾಕಿದ್ದು ಅದೇ ಮೊದಲು. ಅವರು 2006ರಲ್ಲಿ ತೀರಿಕೊಂಡರು. ಅಲ್ಲಿಯವರೆಗೂ, ನಲವತ್ತು ವರ್ಷ, ಅದೇ ಸ್ಕ್ರೂಗಳ ಮೇಲೆ ನಿಂತ ಹಲ್ಲಿನಲ್ಲಿ ಊಟ ಮಾಡಿದರು. ಆದರೂ ಬೇರೆ ದೇಶದ ಹಲ್ಲಿನ ವೈದ್ಯರು ಇದನ್ನು ನಂಬಿದ್ದು 1982ರಲ್ಲಿ ಕೆನಡಾದ ಟೊರೊಂಟೊದಲ್ಲಿ ನಡೆದ ಒಂದು ಸಮ್ಮೇಳನದ ನಂತರ. ಇದನ್ನು ಮೊದಲು ತಯಾರಿಸಿ ಮಾರಲು ಬ್ರಾನೆಮಾರ್ಕ್ ಜೊತೆ ಕೈಜೋಡಿಸಿದ ಕಂಪನಿ ಬೋಫೋರ್ಸ್. ಹೌದು, ಫಿರಂಗಿಯ ಅದೇ ಬೋಫೋರ್ಸ್.

ಗೂಟ ನೆಟ್ಟ ದಿನವೇ ದನ ಕಟ್ಟಬಾರದು

ನಮ್ಮ ಕಡೆ ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಹಾಲವಾಣದ ಗೂಟ ನೆಡುತ್ತಾರೆ. ಗೂಟವನ್ನು ಬಿಗಿಯಾಗಿ ಹೂತು, ಸುತ್ತ ಮಣ್ಣು ತುಳಿದು ಗಟ್ಟಿ ಮಾಡಿದರೆ ನೆಟ್ಟ ದಿನವೂ ನೆಟ್ಟಗೆ ನಿಲ್ಲುತ್ತದೆ. ಆದರೆ ಅವತ್ತೇ ಅದಕ್ಕೆ ದನ ಕಟ್ಟಿದರೆ ಏನಾಗುತ್ತದೆ ಅಂತ ತೋಟದವರಿಗೆ ಹೇಳಬೇಕಾಗಿಲ್ಲ. ಅಲ್ಲಾಡಿದ ಗೂಟ ಬೇರು ಬಿಡುವುದಿಲ್ಲ. ಇಂಪ್ಲಾಂಟಿನಲ್ಲಿ ಬೇರು ಬಿಡುವುದು ಗೂಟವಲ್ಲ, ಮಣ್ಣೇ ಬಂದು ಗೂಟವನ್ನು ಹಿಡಿಯುತ್ತದೆ. ವ್ಯತ್ಯಾಸ ಅಷ್ಟೇ. ಅಲ್ಲಾಡಬಾರದು ಅನ್ನುವುದು ಎರಡಕ್ಕೂ ಒಂದೇ.

ನನ್ನ ಹಲ್ಲಿನ ಕೆಲಸ ನಡೆದ ದಿನ ಹೇಳುತ್ತೇನೆ. ಹುರಿದ ಹಲಸಿನ ಬೀಜ ಕಚ್ಚಿ ಕೆಳಗಿನ ದವಡೆ ಹಲ್ಲು ಬೇರಿನ ತನಕ ಸೀಳಿತ್ತು. ಅಮ್ಮನ ಸ್ಕ್ಯಾನ್ ನೋಡಿದ್ದರಿಂದ ನಾನು ಕೀಳಿಸುವ ಮೊದಲೇ ಮುಂದಿನ ಲೆಕ್ಕ ಕೇಳಿದ್ದೆ. ಡಾಕ್ಟರು ಮೂಳೆ ಒಡೆಯದ ಹಾಗೆ ಬೇರುಗಳನ್ನು ಬಿಡಿಬಿಡಿಯಾಗಿ ತೆಗೆದರು. ಮೂರು ತಿಂಗಳು ಬಿಟ್ಟು ಇಂಪ್ಲಾಂಟ್ ಹಾಕಿದರು. ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿದ್ದೇ ಅವತ್ತಿನ ದೊಡ್ಡ ನೋವು. ಆಮೇಲೆ ಗೊತ್ತಾಗಿದ್ದು ದವಡೆಯ ನಡುಕ, ಕಿವಿಯೊಳಗೆ ಗುಂಯ್ ಅನ್ನುವ ಸದ್ದು, ಬಾಯಿ ತುಂಬ ತಣ್ಣನೆಯ ಉಪ್ಪುನೀರು. ಆ ನೀರು ಸುಮ್ನೆ ತೊಳೆಯಲಿಕ್ಕೆ ಅಲ್ಲ. ಕೊರೆಯುವಾಗ ಹುಟ್ಟುವ ಬಿಸಿಯಿಂದ ಮೂಳೆ 47 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ನಿಮಿಷ ಇದ್ದರೂ ಅಲ್ಲಿನ ಜೀವಕೋಶ ಸಾಯುತ್ತದೆ. ಸತ್ತ ಮೂಳೆ ಸ್ಕ್ರೂ ಹಿಡಿಯುವುದಿಲ್ಲ. ಅದಕ್ಕೇ ಸಣ್ಣ ಡ್ರಿಲ್‌ನಿಂದ ಶುರು ಮಾಡಿ, ಹಂತಹಂತವಾಗಿ ದಪ್ಪ ಡ್ರಿಲ್ ಹಾಕಿ, ತಣ್ಣೀರು ಬಿಡುತ್ತಾ ನಿಧಾನವಾಗಿ ಕೊರೆಯುತ್ತಾರೆ. ಕೊನೆಗೆ ಸಣ್ಣ ಪಾನದಂಥ ಸಾಧನದಿಂದ ಸ್ಕ್ರೂ ತಿರುಗಿಸುವಾಗ ಕಟ್ ಕಟ್ ಅಂತ ಸದ್ದು ಬಂತು. "35 ಬಂತು, ಗಟ್ಟಿಯಾಗಿದೆ" ಅಂದರು. ಅದು ಬಿಗಿತದ ಲೆಕ್ಕ, 35 ನ್ಯೂಟನ್ ಸೆಂಟಿಮೀಟರ್. ಅಷ್ಟು ಬಿಗಿ ಬಂದರೆ ಮೂಳೆಯ ಹಿಡಿತ ಚೆನ್ನಾಗಿದೆ ಅಂತ ಅರ್ಥ.

ಎರಡು ಹೊಲಿಗೆ ಹಾಕಿದರು. ಒಂದು ದಿನ ಜೋರಾಗಿ ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ, ಬಿಸಿ ಕುಡಿಯಬೇಡಿ ಅಂದರು. ಆರಿದ ಗಂಜಿ, ಮೊಸರನ್ನ ತಿಂದೆ. ಎರಡು ದಿನ ಕೆನ್ನೆ ಊದಿಕೊಂಡಿತ್ತು. ವಾರಕ್ಕೆ ನೋವು ಹೋಯಿತು.

ನಿಜವಾದ ಎಚ್ಚರ ಬೇಕಾಗಿರುವುದು ಅಲ್ಲಿಂದ ಮುಂದೆ. ಮೊದಲ ದಿನ ಸ್ಕ್ರೂ ನಿಂತಿರುವುದು ಹಳೆ ಮೂಳೆಯ ಬಿಗಿಯ ಮೇಲೆ. ದೇಹ ಗಾಯವಾದ ಆ ಹಳೆ ಮೂಳೆಯನ್ನು ಮೊದಲು ತೆಗೆದುಹಾಕುತ್ತದೆ, ಹೊಸ ಮೂಳೆಯನ್ನು ನಿಧಾನವಾಗಿ ಕಟ್ಟುತ್ತದೆ. ಹಾಗಾಗಿ ಎರಡನೇ ವಾರದಿಂದ ನಾಲ್ಕನೇ ವಾರದ ತನಕ ಹಿಡಿತ ಮೊದಲ ದಿನಕ್ಕಿಂತ ಕಡಿಮೆಯಾಗುತ್ತದೆ. ನೋವಿಲ್ಲ, ಊತ ಇಲ್ಲ, ಎಲ್ಲ ಸರಿಹೋಯಿತು ಅಂತ ಕೋಡುಬಳೆ ಕಡಿಯುವುದು ಅದೇ ಹೊತ್ತಿನಲ್ಲಿ. ಆ ದಿನಗಳಲ್ಲಿ ಆ ಕಡೆ ಅಗಿಯಲೇಬಾರದು ಅಂತ ಯಾರಾದರೂ ಗೋಡೆ ಮೇಲೆ ಬರೆದು ಅಂಟಿಸಬೇಕು.

ಕೆಳದವಡೆಯ ಮೂಳೆ ಗಟ್ಟಿ, ಅದಕ್ಕೆ ಸುಮಾರು 3 ತಿಂಗಳು ಸಾಕು. ಮೇಲ್ದವಡೆಯದು ಸ್ಪಂಜಿನ ಹಾಗೆ, ಅದಕ್ಕೆ 4ರಿಂದ 6 ತಿಂಗಳು. ಆಮೇಲೆ ಅಚ್ಚು ತೆಗೆದು ಕ್ಯಾಪ್ ಕೂರಿಸುತ್ತಾರೆ. 'ಒಂದೇ ದಿನದಲ್ಲಿ ಹಲ್ಲು' ಅಂತ ಜಾಹೀರಾತು ನೋಡಿರುತ್ತೀರಿ. ಅದು ಸುಳ್ಳಲ್ಲ. ಬಿಗಿತ ಚೆನ್ನಾಗಿ ಬಂದರೆ, ಅದರಲ್ಲೂ ಮುಂದಿನ ಹಲ್ಲಾದರೆ, ಅವತ್ತೇ ತಾತ್ಕಾಲಿಕ ಹಲ್ಲು ಹಾಕುತ್ತಾರೆ, ಎದುರು ಹಲ್ಲಿಗೆ ತಾಗದ ಹಾಗೆ. ಅದು ನೋಟಕ್ಕೆ. ಕಡಿಯಲು ಮೂಳೆ ಒಪ್ಪಬೇಕು, ಮೂಳೆ ತನ್ನ ಸಮಯ ತೆಗೆದುಕೊಂಡೇ ತೆಗೆದುಕೊಳ್ಳುತ್ತದೆ.

ಮೂಳೆ ಇಲ್ಲದಿದ್ದರೆ

ಅಮ್ಮನ ಕಥೆಗೆ ಬರುತ್ತೇನೆ. ಮೂಳೆ ಕುಸಿದ ಕಡೆ ಸ್ಕ್ರೂ ಹಾಕಲು ಜಾಗ ಸಾಲದು. ಕೆಳದವಡೆಯೊಳಗೆ ಒಂದು ಸುರಂಗದಲ್ಲಿ ನರ ಹಾದುಹೋಗುತ್ತದೆ. ಕೆಳತುಟಿಗೆ, ಗದ್ದಕ್ಕೆ ಸ್ಪರ್ಶ ಕೊಡುವುದು ಅದೇ. ಸ್ಕ್ರೂ ತುದಿಗೂ ಆ ನರಕ್ಕೂ ಕನಿಷ್ಠ 2 ಮಿಲಿಮೀಟರು ಅಂತರ ಬಿಡುತ್ತಾರೆ. ತಾಗಿದರೆ ತುಟಿ ಜೋಮು ಹಿಡಿದ ಹಾಗೆ ಆಗಿ, ಕೆಲವೊಮ್ಮೆ ಹಾಗೆಯೇ ಉಳಿಯುತ್ತದೆ. ಮೇಲ್ದವಡೆಯ ಹಿಂಭಾಗದಲ್ಲಿ ತೊಂದರೆ ಬೇರೆ. ಅಲ್ಲಿ ಮೂಳೆಯ ಮೇಲೆಯೇ ಸೈನಸ್ ಅನ್ನುವ ಗಾಳಿಗೂಡು ಇದೆ. ಹಲ್ಲು ಹೋದ ಮೇಲೆ ಆ ಗೂಡು ಕೆಳಗೆ ಹಿಗ್ಗುತ್ತದೆ, ಮೂಳೆ ತೆಳುವಾಗುತ್ತದೆ. ಆಗ ಸೈನಸ್ಸಿನ ಪೊರೆಯನ್ನು ಮೆಲ್ಲಗೆ ಮೇಲೆತ್ತಿ ಕೆಳಗೆ ಮೂಳೆ ತುಂಬಬೇಕಾಗುತ್ತದೆ. ಈ ಎಲ್ಲ ಅಳತೆ ಸಾಮಾನ್ಯ ಎಕ್ಸ್‌ರೇಯಲ್ಲಿ ಪೂರ್ತಿ ಸಿಗುವುದಿಲ್ಲ. ಉದ್ದ, ಅಗಲ, ಆಳ ಮೂರೂ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕು. ಸ್ಕ್ಯಾನ್ ಇಲ್ಲದೆ ಇಂಪ್ಲಾಂಟಿಗೆ ದಿನ ಕೊಟ್ಟರೆ, ಯಾಕೆ ಬೇಡ ಅಂತ ಕೇಳಿ.

ಮೂಳೆ ತುಂಬಲು ಒಂದು ಬಗೆಯ ಪುಡಿ ಬಳಸುತ್ತಾರೆ. ಅದು ನಿಂತು, ಅದರ ಸುತ್ತ ನಮ್ಮದೇ ಮೂಳೆ ಬೆಳೆಯಲು 4ರಿಂದ 6 ತಿಂಗಳಾದರೂ ಬೇಕು. ಅಮ್ಮ ಕೇಳಿದ ಒಂದು ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. "ಆ ಪುಡಿ ಯಾವುದರದ್ದು?" ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಹೆಚ್ಚು ಬಳಕೆಯಲ್ಲಿರುವ ಒಂದು ಬಗೆ ದನದ ಮೂಳೆಯನ್ನು ಸಂಸ್ಕರಿಸಿ ಮಾಡಿದ್ದು. ಅದರ ಮೇಲೆ ಹೊದಿಸುವ ಪೊರೆ ದನದ್ದೋ ಹಂದಿಯದ್ದೋ ಇರಬಹುದು. ಪ್ರಾಣಿಯದ್ದು ಬೇಡ ಅಂದರೆ ಪ್ರಯೋಗಾಲಯದಲ್ಲಿ ತಯಾರಾದ ಕ್ಯಾಲ್ಸಿಯಂ ಫಾಸ್ಫೇಟಿನ ಪುಡಿ ಇದೆ, ನಮ್ಮದೇ ದವಡೆಯ ಬೇರೆ ಕಡೆಯಿಂದ ಕೆರೆದು ತೆಗೆದ ಮೂಳೆಯನ್ನೂ ಬಳಸಬಹುದು. ಅಮ್ಮ ಪ್ರಯೋಗಾಲಯದ ಪುಡಿಯನ್ನೇ ಹಾಕಿಸಿಕೊಂಡಳು. ನಿಮಗೆ ಇದು ಮುಖ್ಯ ಅನ್ನಿಸಿದರೆ ಮೊದಲೇ ಕೇಳಿ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ಮೇಲೆ ಕೇಳಲಾಗುವುದಿಲ್ಲ.

ಸಕ್ಕರೆ, ಬೀಡಿ, ಕವಳ

ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 8.4 ಬಂದಿತ್ತು. ಡಾಕ್ಟರು ಕೆಲಸ ಮುಂದಕ್ಕೆ ಹಾಕಿದರು. ಮೂರು ತಿಂಗಳ ಮೇಲೆ 7.1ಕ್ಕೆ ಇಳಿದಾಗ ಶುರು ಮಾಡಿದರು. ಸಕ್ಕರೆ ಇದ್ದವರಿಗೆ ಇಂಪ್ಲಾಂಟ್ ಆಗುವುದೇ ಇಲ್ಲ ಅನ್ನುವುದು ತಪ್ಪು ತಿಳಿವಳಿಕೆ. ಹತೋಟಿಯಲ್ಲಿ ಇರಬೇಕು, ಅಷ್ಟೇ. ಹತೋಟಿ ತಪ್ಪಿದರೆ ಗಾಯ ಮಾಯುವುದು ತಡ, ಸೋಂಕಿನ ಭಯ ಜಾಸ್ತಿ.

ಬೀಡಿ, ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಕೈಕೊಡುವ ಸಂಭವ ಹೆಚ್ಚುಕಡಿಮೆ ಎರಡು ಪಟ್ಟು. ಹೊಗೆಯಿಂದ ಒಸಡಿಗೆ ಬರುವ ರಕ್ತ ಕಡಿಮೆಯಾಗುತ್ತದೆ, ರಕ್ತ ಇಲ್ಲದ ಕಡೆ ಮೂಳೆ ಬೆಳೆಯುವುದಿಲ್ಲ.

ಕವಳದ, ಅಂದರೆ ಎಲೆ ಅಡಿಕೆಯ, ವಿಷಯ ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ನಮ್ಮ ಮನೆಯ ಅನ್ನ ಅಡಿಕೆಯಿಂದ ಬಂದಿದ್ದು. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ವರ್ಷಗಟ್ಟಲೆ ಅಡಿಕೆ ಅಗಿದವರಲ್ಲಿ ಕೆಲವರಿಗೆ ಕೆನ್ನೆಯ ಒಳಚರ್ಮ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಡಾಕ್ಟರು ಅಮ್ಮನಿಗೆ ಮೊದಲು ಮಾಡಿಸಿದ್ದೇ ಆ ಪರೀಕ್ಷೆ. "ನಿಮ್ಮ ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಹಾಕಿ ನೋಡಣ" ಅಂದರು. ಮೂರು ಬೆರಳು ಮೇಲೆ ಕೆಳಗೆ ಹಲ್ಲಿನ ನಡುವೆ ಹೋಗಬೇಕು. ಅಮ್ಮನಿಗೆ ಹೋಯಿತು. ಎರಡೇ ಬೆರಳು ಹೋಗುವವರಿಗೆ ಹಿಂದಿನ ದವಡೆಗೆ ಡ್ರಿಲ್ ತಲುಪಿಸುವುದೇ ಕಷ್ಟ, ಅಂಥವರು ಇಂಪ್ಲಾಂಟಿಗಿಂತ ಮೊದಲು ಬಾಯಿಯ ಆ ತೊಂದರೆಗೇ ಚಿಕಿತ್ಸೆ ಪಡೆಯಬೇಕು. ಈ ಸಾಲು ಓದಿದ ಮೇಲೆ ನಿಮ್ಮ ಮೂರು ಬೆರಳನ್ನೂ ಒಮ್ಮೆ ಹಾಕಿ ನೋಡಿ, ದಯವಿಟ್ಟು.

ಮೂಳೆ ಸವೆತಕ್ಕೆ ಮಾತ್ರೆ ತೆಗೆದುಕೊಳ್ಳುವ ಹೆಂಗಸರು ಅದನ್ನು ಹೇಳದೆ ಹಲ್ಲು ಕೀಳಿಸಲೂಬಾರದು, ಇಂಪ್ಲಾಂಟ್ ಹಾಕಿಸಲೂಬಾರದು. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ಡ್ರಿಪ್ ಹಾಕುವ ಜೊಲೆಡ್ರೊನಿಕ್ ಆಸಿಡ್ ಇಂಥವು. ಇವನ್ನು ತೆಗೆದುಕೊಂಡ ಕೆಲವರಲ್ಲಿ ದವಡೆಯ ಗಾಯ ಮಾಯದೆ ಮೂಳೆ ಸಾಯುವ ಅಪಾಯ ಇದೆ. ಆ ಅಪಾಯ ಅಪರೂಪ, ಆದರೆ ಬಂದರೆ ದೊಡ್ಡದು. ಮುಖಕ್ಕೆ, ಕುತ್ತಿಗೆಗೆ ರೇಡಿಯೇಷನ್ ಆಗಿದ್ದರೂ ಹೇಳಬೇಕು. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಹೃದಯದ ಡಾಕ್ಟರನ್ನು ಕೇಳದೆ ತಾವಾಗಿಯೇ ನಿಲ್ಲಿಸಬಾರದು. ಹುಡುಗರಿಗೆ 18 ತುಂಬಿ ದವಡೆ ಬೆಳೆಯುವುದು ನಿಲ್ಲುವ ತನಕ ಕಾಯುತ್ತಾರೆ.

ಖರ್ಚು, ಚೀಟಿ, ಓಡಾಟ

ಇದು ಹತ್ತಾರು ಸಾವಿರದ ಕೆಲಸ. ಸುಮ್ನೆ "ಎಷ್ಟಾಗುತ್ತೆ" ಅಂತ ಕೇಳಿದರೆ ಕೆಲವರು ಬರೀ ಸ್ಕ್ರೂವಿನ ರೇಟು ಹೇಳುತ್ತಾರೆ. ಸ್ಕ್ಯಾನ್, ಮೂಳೆ ಪುಡಿ, ಅಬಟ್‌ಮೆಂಟ್, ಕ್ಯಾಪ್ ಎಲ್ಲ ಸೇರಿ ಎಷ್ಟು, ಸ್ಕ್ರೂ ಹಿಡಿಯದಿದ್ದರೆ ಮತ್ತೆ ಹಾಕಲು ದುಡ್ಡು ಕೊಡಬೇಕಾ, ಇವನ್ನು ಬರೆಸಿಕೊಳ್ಳಿ. ಹಾಕುವವರು ಯಾರು ಅಂತಲೂ ಕೇಳಿ. ಪ್ರಾಸ್ತೊಡಾಂಟಿಸ್ಟ್ ಅಂದರೆ ಕೃತಕ ಹಲ್ಲಿನ ತಜ್ಞರು, ಪೆರಿಯೊಡಾಂಟಿಸ್ಟ್ ಅಂದರೆ ಒಸಡಿನ ತಜ್ಞರು, ಇಲ್ಲವೇ ಬಾಯಿ ಮತ್ತು ದವಡೆಯ ಸರ್ಜನ್, ಇವರಲ್ಲಿ ಒಬ್ಬರು ಈ ಕೆಲಸ ಮಾಡುತ್ತಾರೆ. ತರಬೇತಿ ಪಡೆದ ಇತರ ಹಲ್ಲಿನ ಡಾಕ್ಟರೂ ಮಾಡುತ್ತಾರೆ.

ನಮ್ಮ ಕಡೆಯ ಜನ ದೊಡ್ಡ ಕಾಯಿಲೆ ಅಂದ ಕೂಡಲೇ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದು ರೂಢಿ. ಇಂಪ್ಲಾಂಟಿಗೂ ಹೋಗಬಹುದು. ಆದರೆ ಇದು ಒಂದು ಸಲ ಹೋಗಿ ಮುಗಿಸಿ ಬರುವ ಕೆಲಸವಲ್ಲ. ಸ್ಕ್ಯಾನ್, ಆಪರೇಷನ್, ಹೊಲಿಗೆ ಬಿಚ್ಚುವುದು, ಅಚ್ಚು, ಕ್ಯಾಪ್, ಆಮೇಲೆ ವರ್ಷವರ್ಷದ ತಪಾಸಣೆ. ಜೋರು ಮಳೆಯಲ್ಲಿ ಘಾಟಿ ಯಾವಾಗ ಬಂದ್ ಆಗುತ್ತದೆ ಅಂತ ಹೇಳಲಾಗದು. ಶಿವಮೊಗ್ಗದಲ್ಲೇ ಶರಾವತಿ ದಂತ ವೈದ್ಯಕೀಯ ಕಾಲೇಜು ಇದೆ, ತಜ್ಞರ ಕ್ಲಿನಿಕ್‌ಗಳೂ ಇವೆ. ಕಾಲೇಜು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ, ಕಾಯುವ ಸಮಯ ಜಾಸ್ತಿ. ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಮನೆಗೆ ಬರುವಷ್ಟು ಹತ್ತಿರ ಇರುವ ಕಡೆ ಮಾಡಿಸುವುದು ಒಳ್ಳೆಯದು ಅಂತ ನಾನು ಹೇಳುತ್ತೇನೆ.

ಇನ್ನೊಂದು ಮಾತು. ಪ್ರತಿ ಇಂಪ್ಲಾಂಟ್ ಪೆಟ್ಟಿಗೆಯಲ್ಲಿ ಒಂದು ಸ್ಟಿಕ್ಕರ್ ಬರುತ್ತದೆ. ಕಂಪನಿ, ಮಾದರಿ, ಅಳತೆ, ಬ್ಯಾಚ್ ನಂಬರ್ ಅದರಲ್ಲಿ ಇರುತ್ತದೆ. ಅದನ್ನು ಕೇಳಿ ಇಸಿದುಕೊಳ್ಳಿ. ಹತ್ತು ವರ್ಷದ ಮೇಲೆ ಒಳಗಿನ ಸಣ್ಣ ಸ್ಕ್ರೂ ಸಡಿಲವಾದರೆ, ಬೇರೆ ಊರಿನ ಡಾಕ್ಟರಿಗೆ ಯಾವ ಸಾಧನ ಹಾಕಿ ಬಿಗಿಯಬೇಕು ಅಂತ ಗೊತ್ತಾಗುವುದು ಅದರಿಂದಲೇ. ಒಂದು ಕಂಪನಿಯ ಸಾಧನ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ.

ಹಲ್ಲೇ ಇಲ್ಲದ ಹಿರಿಯರಿಗೆ

ನಮ್ಮ ದೊಡ್ಡಪ್ಪನಿಗೆ ಒಂದೂ ಹಲ್ಲಿಲ್ಲ. ಮೇಲಿನ ಸೆಟ್ಟು ಅಂಗುಳಿಗೆ ಅಂಟಿ ನಿಲ್ಲುತ್ತದೆ. ಕೆಳಗಿನದು ನಾಲಿಗೆ ಆಡಿದ ಹಾಗೆಲ್ಲ ಏಳುತ್ತದೆ. ಜನರ ಎದುರು ಊಟಕ್ಕೆ ಕೂರುವುದನ್ನೇ ಅವರು ಬಿಟ್ಟಿದ್ದರು, ಮದುವೆ ಮನೆಯಲ್ಲೂ. ಇಂಥವರಿಗೆ ಬಾಯಿ ತುಂಬ ಇಂಪ್ಲಾಂಟ್ ಬೇಕಿಲ್ಲ. ಕೆಳದವಡೆಯ ಮುಂದುಗಡೆ ಎರಡು ಹಾಕಿ, ಸೆಟ್ಟಿನ ಒಳಗೆ ಟಿಚ್ ಗುಂಡಿಯ ಹಾಗೆ ಎರಡು ಹಿಡಿಕೆ ಇಟ್ಟರೆ ಸೆಟ್ಟು ಟಕ್ ಅಂತ ಕೂರುತ್ತದೆ, ರಾತ್ರಿ ತೆಗೆದು ತೊಳೆಯಬಹುದು. ಹಲ್ಲಿಲ್ಲದ ಕೆಳದವಡೆಗೆ ಮೊದಲು ಯೋಚಿಸಬೇಕಾದ ಚಿಕಿತ್ಸೆ ಇದೇ ಅಂತ 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹೇಳಿದ್ದರು. ಮುಂದುಗಡೆಯ ಮೂಳೆ ಹಿಂಭಾಗದ ಮೂಳೆಯಷ್ಟು ಕರಗಿರುವುದಿಲ್ಲ, ಅಲ್ಲಿ ಆ ದೊಡ್ಡ ನರದ ಸುರಂಗದ ಭಯವೂ ಕಡಿಮೆ. ದೊಡ್ಡಪ್ಪನನ್ನು ಒಪ್ಪಿಸುವ ಕೆಲಸ ನಡೆದಿದೆ.

ಹಾಕಿಸಿದ ಮೇಲೆ

ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ. ಅದನ್ನು ಕೇಳಿ ಎಷ್ಟೋ ಜನ ನಿಶ್ಚಿಂತೆಯಾಗಿ ಬಿಡುತ್ತಾರೆ. ಆದರೆ ಸುತ್ತಲಿನ ಒಸಡಿಗೆ, ಮೂಳೆಗೆ ಸೋಂಕು ಬರುತ್ತದೆ. ಇದಕ್ಕೆ ಪೆರಿ ಇಂಪ್ಲಾಂಟೈಟಿಸ್ ಅನ್ನುತ್ತಾರೆ. ಸ್ವಂತ ಹಲ್ಲಾದರೆ ನರ ಇದೆ, ನಾರಿನ ಪದರ ಇದೆ, ಏನಾದರೂ ಆದರೆ ನೋವಿನಿಂದ ಕೂಗುತ್ತದೆ. ಇಂಪ್ಲಾಂಟಿಗೆ ಅದು ಯಾವುದೂ ಇಲ್ಲ. ಸದ್ದಿಲ್ಲದೆ ಮೂಳೆ ಹೋಗುತ್ತಿರುತ್ತದೆ, ಅಲ್ಲಾಡಲು ಶುರುವಾದಾಗ ತಡವಾಗಿರುತ್ತದೆ. ಬ್ರಷ್ ಮಾಡುವಾಗ ಆ ಜಾಗದಲ್ಲಿ ರಕ್ತ ಬಂದರೆ ಅದೇ ಮೊದಲ ಸೂಚನೆ, ಅವತ್ತೇ ಫೋನ್ ಮಾಡಿ.

ಹಲ್ಲಿನ ಸಂದಿಗೆ ಹೋಗುವ ಸಣ್ಣ ಬ್ರಷ್ ಸಿಗುತ್ತದೆ, ಬಾಟಲಿ ತೊಳೆಯುವ ಬ್ರಷ್ಷಿನ ಮರಿಯ ಹಾಗೆ. ರಾತ್ರಿ ಮಲಗುವ ಮೊದಲು ಅದನ್ನು ಎರಡೂ ಕಡೆ ಆಡಿಸಬೇಕು. ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ಡಾಕ್ಟರು ಹೇಳಿದಾಗ ಎಕ್ಸ್‌ರೇ ತೆಗೆಸಿ ಮೂಳೆಯ ಮಟ್ಟ ನೋಡಿಸಬೇಕು. ಹೀಗೆ ನೋಡಿಕೊಂಡರೆ ಹತ್ತು ವರ್ಷದ ಮೇಲೂ 100ರಲ್ಲಿ 90ಕ್ಕಿಂತ ಹೆಚ್ಚು ಇಂಪ್ಲಾಂಟ್ ಗಟ್ಟಿಯಾಗಿಯೇ ಇರುತ್ತವೆ. ಜೀವನಪರ್ಯಂತ ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ, ಯಾವ ಭಾಗಕ್ಕೆ, ಯಾವ ಷರತ್ತಿನ ಮೇಲೆ ಅಂತ ಕೇಳಿ. ಮೇಲಿನ ಕ್ಯಾಪ್ ಸವೆಯುತ್ತದೆ, ಚೂರಾಗುತ್ತದೆ, ಒಂದಲ್ಲ ಒಂದು ದಿನ ಬದಲಾಯಿಸಬೇಕಾಗುತ್ತದೆ.

ಅಮ್ಮನಿಗೆ ಕ್ಯಾಪ್ ಕೂರಿಸಿ ಎರಡು ತಿಂಗಳಾಯಿತು. ರೊಟ್ಟಿಯನ್ನು ಚಹಾದಲ್ಲಿ ಅದ್ದುವುದು ತಾನಾಗಿಯೇ ನಿಂತಿದೆ. ಆ ಹಲ್ಲಲ್ಲಿ ಕಚ್ಚಿದಾಗ ಬೇರೆ ಹಲ್ಲಿನಷ್ಟು ಸೂಕ್ಷ್ಮವಾಗಿ ಗೊತ್ತಾಗುವುದಿಲ್ಲ ಅನ್ನುತ್ತಾಳೆ. ನಾರಿನ ಪದರ ಇಲ್ಲವಲ್ಲ, ಅದಕ್ಕೆ. ಸ್ಟಿಕ್ಕರನ್ನು ಅಡಿಕೆ ಮಂಡಿಯ ಚೀಟಿಗಳ ಜೊತೆ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಮುಂದಿನ ತಪಾಸಣೆ ಕೊಯ್ಲು ಮುಗಿದ ಮೇಲೆ, ಫೆಬ್ರುವರಿಯಲ್ಲಿ.